ಗುರುಸಿದ್ದಮ್ಮನ ಅಂಗೈ ಅಚ್ಚು

“ಬ್ಯಾಡ ಕಣಪ್ಪ, ಆ ಮುದುಕಿ ಕೈ ಮುಟ್ಬ್ಯಾಡ,” ಎಂದು ಆಯಾ ರಂಗಕ್ಕ ವಾರ್ಡಿನ ಬಾಗಿಲಲ್ಲೇ ಅಡ್ಡ ನಿಂತಳು. “ಮಾಟ ಮಾಡ್ದೋಳು. ಆ ವಿದ್ಯೆ ಇನ್ನೊಬ್ರ ಕೈಗೆ ದಾಟ್ಸೋಗಂಟ ಅವಳ ಪ್ರಾಣ ಹೋಗಕಿಲ್ಲ.”

“ಒಳ್ಳೇದಾಯ್ತಲ್ಲ ರಂಗಕ್ಕ! ಎಲ್ರಿಗೂ ಅದನ್ನೇ ಕಲ್ಸು, ಯಾರೂ ಸಾಯಲ್ಲ,” ಎಂದು ಬೆಟ್ಟಸ್ವಾಮಿ ನಕ್ಕ.

ಮೈಸೂರಿನಿಂದ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿ ತಿಪಟೂರಿನ ಆ ಚಿಕ್ಕ ಆಸ್ಪತ್ರೆಗೆ ಬಂದು ಅವನಿಗೆ ಮೂರು ತಿಂಗಳು. ಎಪ್ಪತ್ತೊಂಬತ್ತರ ಬೇಸಿಗೆ. ಡಾಕ್ಟರು ಕೈಚೆಲ್ಲಿದವರ ಅಂಗೈಗೆ ಮಸಿ ಸವರಿ, ಬಿಳಿ ಬಟ್ಟೆಗೆ ಒತ್ತಿ ಮನೆಯವರಿಗೆ ಕೊಡುವುದು ಅವನಾಗಿ ಹಚ್ಚಿಕೊಂಡ ಕೆಲಸ. ಒಂದು ಫೋಟೋ ಕೂಡ ಇಲ್ಲದ ಮನೆಗಳವು. ಜನ ಆ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು.

ಗುರುಸಿದ್ದಮ್ಮ ದಂಡಿನಶಿವರದ ಕಡೆಯವಳು. ಹದಿನೇಳು ದಿನದಿಂದ ಈಗಲೋ ಆಗಲೋ ಎನ್ನುವಂತಿದ್ದಳು. ಮಟಮಟ ಮಧ್ಯಾಹ್ನದಲ್ಲೂ ಕಿಟಕಿ ಮುಚ್ಚಿದ ಕೋಣೆ ಕತ್ತಲು. ಫಿನಾಯಿಲನ್ನೂ ಮೀರಿ ಕೊಳೆತ ಕೊಬ್ಬರಿಯ ನಾತ. ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂತೆ ಅವಳ ಉಸಿರು. ಮಗಳು ಭೈರಮ್ಮ ಮಂಚದಿಂದ ಮಾರು ದೂರದಲ್ಲಿ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು.

“ಅವ್ವನ ಕೈದು ಒಂದು ಗುರುತು ತಕ್ಕೊಡಿ ಸ್ವಾಮಿ.”

ಬೆಟ್ಟಸ್ವಾಮಿ ಮಸಿ ಸವರಿದ. ಬಟ್ಟೆಗೆ ಒತ್ತಿದ. ತಣ್ಣಗಿದ್ದ ಬೆರಳುಗಳು ಅವನ ಕೈಯನ್ನು ಹಿಡಿದವು. ಎಳೆದ. ಬಿಡಲಿಲ್ಲ. ಉಗುರು ಚರ್ಮಕ್ಕಿಳಿಯಿತು. ಮುದುಕಿ ಕಣ್ಣು ತೆರೆದಳು.

“ತಕ್ಕೊಂಡ್ಯಾ, ಮಗಾ?”

ಅಷ್ಟೇ. ಉಸಿರು ನಿಂತಿತು.

ಭೈರಮ್ಮ ಬಟ್ಟೆಯನ್ನು ಮುಟ್ಟಲೇ ಇಲ್ಲ. “ನಾನೇ ಹಿಡೀಬೇಕಿತ್ತು ಆ ಕೈನ. ಮನೇಲಿ ಮಕ್ಕಳವ್ರೆ, ಸ್ವಾಮಿ. ತಪ್ಪಾಯ್ತು,” ಎಂದವಳೇ ಹೊರಗೋಡಿದಳು.

ಮಾರನೆಯ ಬೆಳಿಗ್ಗೆ, ಮುರಿದ ಕಾಲು ವಾಸಿಯಾಗಿ ಊರಿಗೆ ಹೊರಟಿದ್ದ ಲಕ್ಕಯ್ಯ ಬೆಟ್ಟಸ್ವಾಮಿಯ ಎರಡೂ ಕೈ ಹಿಡಿದು ಉಪಕಾರ ಹೇಳಿದ. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಕುಸಿದು ಬಿದ್ದು ಸತ್ತ. ಸಂಜೆ, ಬರೀ ಜ್ವರಕ್ಕೆ ಸೇರಿದ್ದ ಹೆಂಗಸಿನ ನಾಡಿ ಹಿಡಿದ. ಬೆರಳಿನಡಿಯಲ್ಲೇ ನಾಡಿ ನಿಂತಿತು.

ರಂಗಕ್ಕ ದೂರದಿಂದಲೇ ಹೇಳಿದಳು: “ಇನ್ಯಾರನ್ನೂ ಮುಟ್ಬ್ಯಾಡ ಕಣಪ್ಪ. ನೀನು ಸಾಯೋಗಂಟ ಅದು ನಿಂದೇಯ.”

ಅವನು ಕೆಲಸ ಬಿಟ್ಟ. ಮೂರನೆಯ ದಿನ, ಹೆರಿಗೆಗೆಂದು ಶೆಟ್ಟಿಕೆರೆಯ ತವರಿಗೆ ಹೋಗಿದ್ದ ಹೆಂಡತಿ ಪುಟ್ಟಗೌರಮ್ಮ, ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದ ಅವನೆದುರು ಕೂಸನ್ನೆತ್ತಿಕೊಂಡು ಬಸ್ಸಿಳಿದಳು.

“ತಕ್ಕೊಳ್ಳಿ, ನಿಮ್ಮ ಮಗಳು.”

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವಳ ಮುಖದ ನಗು ಆರಿತು. “ಹೆಣ್ಣು ಅಂತಲಾ?”

ತೊದಲುತ್ತ ಎಲ್ಲವನ್ನೂ ಹೇಳಿದ.

“ಮಾಟ ಗೀಟ ಎಲ್ಲಾ ಸುಳ್ಳು ಅಂತ ನಮ್ಮಪ್ಪನ್ನ ಆಡ್ಕೊಂಡು ನಕ್ಕೋರು ನೀವು. ಹೆಣ್ಣು ಹುಟ್ತು ಅಂತ ಈಗ ನಿಜವಾಯ್ತಾ?”

ಸಿಟ್ಟಿನಲ್ಲಿ ಕೂಸನ್ನು ಅವನ ಎದೆಗೊತ್ತಿ ಕೈ ಬಿಟ್ಟಳು. ಹಿಡಿದೇ ಹಿಡಿಯುತ್ತಾನೆಂಬ ನಂಬಿಕೆ ಅವಳದು. ಕೂಸು ಜಾರಿತು. ಬೆನ್ನ ಹಿಂದೆ ಅವನ ಬೆರಳುಗಳು ಒಂದನ್ನೊಂದು ಮುರಿಯುವಂತೆ ಹಿಡಿದುಕೊಂಡವು. ಜಾರಿತು. ಅವನು ಕಣ್ಣು ಮುಚ್ಚಿದ. ಪುಟ್ಟಗೌರಮ್ಮ ಕೂಗುತ್ತ ಬಗ್ಗಿ, ನೆಲ ಇನ್ನು ಗೇಣು ದೂರವಿರುವಾಗ ಕೂಸನ್ನು ಬಾಚಿಕೊಂಡಳು.

ಅವಳು ಕೂಸನ್ನು ಅವುಚಿಕೊಂಡಳು. ಅದೇ ಬಸ್ಸು ಹತ್ತಿ ವಾಪಸು ಹೋದಳು.

ಮಗಳು ಬದುಕಿದಳು. ಹೆಣ್ಣೆಂದು ತನ್ನನ್ನು ನೆಲಕ್ಕೆ ಬಿಟ್ಟ ಅಪ್ಪನ ಕತೆ ಕೇಳುತ್ತಲೇ ಶೆಟ್ಟಿಕೆರೆಯಲ್ಲಿ ಬೆಳೆದಳು.