ಕಾಣೆಯಾದ ಒಂದು ನಳಿಕೆ

ಸೋಮವಾರ ಬೆಳಿಗ್ಗೆ ಠಾಣೆಗೆ ದೂರು ತಂದ ಯುವ ವಿಜ್ಞಾನಿಯ ಕಣ್ಣುಗಳು ಅತ್ತು ಊದಿಕೊಂಡಿದ್ದವು. ಬಟ್ಟೆ ಒಗೆಯುವ ಪುಡಿಯ ಕಾರ್ಖಾನೆಯಲ್ಲಿ ಆಕೆ ಜಿಡ್ಡು ಕರಗಿಸುವ ಕಿಣ್ವವೊಂದನ್ನು ತಿದ್ದಿ, ತಣ್ಣೀರಿನಲ್ಲೂ ಕೆಲಸ ಮಾಡುವಂತೆ ಪಳಗಿಸಿದ್ದಳು. ಅದನ್ನು ತಯಾರಿಸುವ, ಪ್ರಯೋಗಾಲಯದ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಬ್ಯಾಕ್ಟೀರಿಯಾವನ್ನು ಯಾರೋ ನಳಿಕೆಗಳ ಸಮೇತ ಕುದಿಸಿ ಕೊಂದಿದ್ದರು. ಒಂದು ನಳಿಕೆ ಕಾಣೆಯಾಗಿತ್ತು.

"ಬೇರೆ ಕಡೆ ಒಂದಿಷ್ಟು ಇಟ್ಟಿಲ್ವೇನಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

"ಈ ವಾರ ಇಡೋಣ ಅಂತಿದ್ದೆ ಸಾರ್. ಸಾವಿರಾರು ಪ್ರಯತ್ನ ಸೋತ ಮೇಲೆ ಸಿಕ್ಕಿದ್ದು."

ಎಫ್‌ಐಆರ್ ದಾಖಲಾಯಿತು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಫ್ರೀಜರಿನ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ದೂರುದಾರಳ ಬಳಿ, ರಜೆಯಲ್ಲಿದ್ದ ಮ್ಯಾನೇಜರ್ ಬಳಿ ಮತ್ತು ಎಲ್ಲರೂ 'ಅಕ್ಕ' ಎನ್ನುವ ಹಿರಿಯ ವಿಜ್ಞಾನಿಯ ಬಳಿ.

"ಕೊಬ್ಬು ಕರಗಿಸೋ ಸಾಮಾನಂತೆ. ಸಿಕ್ರೆ ನನಗೂ ಒಂದು ಚಮಚ," ಹೆಡ್ ಕಾನ್ಸ್‌ಟೇಬಲ್ ಹೊಟ್ಟೆ ಸವರಿಕೊಂಡ.

ಇನ್‌ಸ್ಪೆಕ್ಟರ್ ನಗಲಿಲ್ಲ. "ಕದಿಯೋರು ಕುದಿಸಲ್ಲ, ಕುದಿಸೋರು ಎತ್ತಿಟ್ಕೊಳಲ್ಲ. ಇಲ್ಲಿ ಎರಡೂ ಆಗಿದೆ. ಹೆಪ್ಪುಗಟ್ಟಿದ ನಳಿಕೇನ ಕರಗದ ಹಾಗೆ ಹೇಗೆ ಸಾಗಿಸಿದ್ರು, ವಿಚಾರಿಸು."

ಉತ್ತರ ಕ್ಯಾಂಟೀನಿನಲ್ಲಿ ಸಿಕ್ಕಿತು. "ಶನಿವಾರ ಅಕ್ಕ ಟೀ ಬೇಡ ಅಂದು ಫ್ಲಾಸ್ಕಿಗೆ ಐಸ್ ತುಂಬಿಸ್ಕೊಂಡ್ರು. ಕಾಲು ಉಳುಕಿದೆಯಂತೆ," ಎಂದ ಅಡುಗೆಯವನು.

"ಕುಂಟ್ತಿದ್ರಾ?" ಹೆಡ್ ಕಾನ್ಸ್‌ಟೇಬಲ್ ಕೇಳಿದ.

"ಎಲ್ಲಿ ಬಂತು! ಮೆಟ್ಟಿಲು ದಡದಡ ಇಳಿದ್ರು."

ಸಂಜೆ ಮಹಿಳಾ ಕಾನ್ಸ್‌ಟೇಬಲ್ ಜೊತೆ ಅಕ್ಕನ ಮನೆಯ ಶೋಧ ನಡೆಯಿತು. ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಹಿಂದೆ, ಬಟ್ಟೆಯಲ್ಲಿ ಸುತ್ತಿದ ನಳಿಕೆಯಿತ್ತು. ಆಕೆ ಅಡ್ಡಿಪಡಿಸಲಿಲ್ಲ, ಕುರ್ಚಿ ಎಳೆದುಕೊಂಡು ಕುಳಿತಳು.

"ಉಳಿದವನ್ನ ಕುದಿಸಿದ್ದು ನೀವೇನಾ?"

"ಹೌದು."

"ಇದನ್ನ ಯಾಕೆ ಬಿಟ್ರಿ?"

"ಕೈ ಬರ್ಲಿಲ್ಲ ಸಾರ್. ಅಷ್ಟು ಚೆನ್ನಾಗಿದೆ ಅದು."

"ಆ ಹುಡುಗಿ ನಿಮ್ಮ ಶಿಷ್ಯೆ ಅಲ್ವಾ?"

"ಅದೇ ಸಂಕಟ. ಹೊರಗಿನೋರು ಗೆದ್ದಿದ್ರೆ ನುಂಗ್ಕೊತಿದ್ದೆ. ಎಷ್ಟು ವರ್ಷ ಒದ್ದಾಡಿದ್ರೂ ನನ್ನ ಕಿಣ್ವ ತಣ್ಣೀರಲ್ಲಿ ಮಲಗೇ ಬಿಡ್ತಿತ್ತು. ಇವಳು ನನ್ನದರಲ್ಲೇ ಒಂದು ಕೊಂಡಿ ಬದಲಾಯಿಸಿದ್ಲು, ಎದ್ದು ಕೂತ್ಕೊಂಡ್ತು. ಓಡಿ ಬಂದು ಮೊದಲು ನನಗೇ ತೋರಿಸಿದ್ಲು. ಎಲ್ಲರೆದುರು ತಬ್ಬಿಕೊಂಡೆ. ಒಳಗೆ ಧಗಧಗ ಉರೀತಿತ್ತು."

ಹೇಳಿಕೆ ಬರೆದುಕೊಂಡು ಇನ್‌ಸ್ಪೆಕ್ಟರ್ ಬಂಧನದ ಕಾಗದ ಮುಂದಿಟ್ಟರು. ಆಕೆ ಸಹಿ ಮಾಡಿದಳು. ಮೇಜಿನ ಮೇಲಿದ್ದ ನಳಿಕೆಯಿಂದ ಆಕೆಯ ಕಣ್ಣು ಕದಲಲಿಲ್ಲ.

"ಬೇಗ ಅವಳಿಗೆ ತಲುಪಿಸಿ ಸಾರ್," ಎಂದಳು. "ಕರಗಿದ್ರೆ ಸತ್ತೋಗುತ್ತೆ."