ಇನ್ನೊಬ್ಬಳ ಬದಲಿಗಲ್ಲ

"ಇವತ್ತು ಒಳಗೆ ಬರೋ ಹಾಗಿಲ್ಲ," ಎಂದ ಅವನು, ಬಾಗಿಲಿಗೆ ಅಡ್ಡ ನಿಂತು.

ಬ್ರಾಂಕಾಳ ಮುಖ ಕೆಂಪಾಯಿತು. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ವಿಳಾಸ ಹುಡುಕುತ್ತಾ ಅವಳು ಅರ್ಧ ಸಿಸಾಕ್ ಪಟ್ಟಣ ಸುತ್ತಿ ಬಂದಿದ್ದಳು. ಕುಡಿತ ಬಿಡುವವರ ಕ್ಲಬ್, ಅಗ್ನಿಶಾಮಕ ಠಾಣೆಯ ಮಹಡಿ, ಬುಧವಾರ ಸಂಜೆ ಐದು. ಮೆಟ್ಟಿಲು ಹತ್ತುವ ಧೈರ್ಯ ಬರಲೆಂದು ದಾರಿಯಲ್ಲೇ ಎರಡು ಲೋಟ ರಾಕಿಯಾ ಸಾರಾಯಿ ಏರಿಸಿದ್ದಳು.

"ಕುಡಿಯೋರಿಗೆ ತಾನೇ ಈ ಕ್ಲಬ್ ಇರೋದು?"

"ಕುಡಿದು ಬಂದ ದಿನ ಕೂರಿಸಲ್ಲ. ನಿಯಮ."

"ನೀವೇನು ದೊಡ್ಡ ಸಂತರೋ?"

ಅವನು ಹೊರಗೆ ಬಂದು ಬಾಗಿಲೆಳೆದುಕೊಂಡು, ಮೆಟ್ಟಿಲ ಮೇಲೆ ಅವಳಿಗೂ ಜಾಗ ಬಿಟ್ಟು ಕುಳಿತ.

"ಒಳಗೆ ಹೋಗಿ. ನನ್ನ ಕಾವಲು ಬೇಕಿಲ್ಲ."

"ಮೆಟ್ಟಿಲು ಕಡಿದಾಗಿದೆ. ನಶೆ ಸ್ವಲ್ಪ ಇಳೀಲಿ, ಆಮೇಲೆ ಹೋಗೋರಂತೆ."

ಒಂದೂವರೆ ಗಂಟೆ ಅವನು ಹಾಗೇ ಕುಳಿತಿದ್ದ. ಒಂದು ಬುದ್ಧಿಮಾತೂ ಇಲ್ಲ. 'ಬೈದಿದ್ದರೆ ಎಷ್ಟೋ ಸುಲಭವಾಗಿತ್ತು…' ಎಂದುಕೊಂಡಳು ಬ್ರಾಂಕಾ.

ಮುಂದಿನ ಬುಧವಾರ ಕುಡಿಯದೆ ಬಂದಳು. ಬೆನ್ನು ಬೆವರಿತ್ತು. ವೃತ್ತವಾಗಿ ಹಾಕಿದ ಕುರ್ಚಿಗಳಲ್ಲಿ ಎಲ್ಲರೂ ಜೋಡಿ ಜೋಡಿ. ಗಂಡನೊಂದಿಗೆ ಹೆಂಡತಿ, ತಂದೆಯೊಂದಿಗೆ ಮಗಳು. ಕುಡಿತ ಬಿಡುವವರ ಜೊತೆ ಮನೆಯವರೊಬ್ಬರು ಕೂರುವುದು ಅಲ್ಲಿಯ ಪದ್ಧತಿ.

"ನಿನ್ನ ಜೊತೆ ಯಾರು, ಮಗಳೇ?" ಕ್ಲಬ್ಬಿನ ಹಿರಿಯಳು ರೂಜಾ ಕೇಳಿದಳು.

"ಯಾರೂ ಇಲ್ಲ. ಗಂಡ ಬಿಟ್ಟು ಹೋದ, ಮಗಳನ್ನೂ ಕರ್ಕೊಂಡು ಹೋದ. ಅವಳ ಹದಿನಾಲ್ಕನೇ ಹುಟ್ಟುಹಬ್ಬಕ್ಕೆ… ಗೆಳತಿಯರ ಎದುರೇ ನಾನು ಮೇಜಿನ ಮೇಲೆ ಬಿದ್ದೆ. ಆವತ್ತಿಂದ ನನ್ನ ಫೋನ್ ಎತ್ತಲ್ಲ."

ರೂಜಾ ಅವಳ ಪಕ್ಕದ ಖಾಲಿ ಕುರ್ಚಿಯತ್ತ ನೋಡಿದಳು.

"ಇವರ ಜೊತೆ ನಾನು ಕೂರ್ತೀನಿ," ಎಂದ ಮೆಟ್ಟಿಲ ಮೇಲೆ ಕುಳಿತಿದ್ದವನು. ಹೆಸರು ಲೋವ್ರೊ. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕೆಲಸ.

ಎಪ್ಪತ್ತೊಂದು ದಿನ ಅವಳು ಬಾಟಲಿ ಮುಟ್ಟಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ಬುಧವಾರ ಕ್ಲಬ್ ಮುಗಿದ ಮೇಲೆ ಇಬ್ಬರೂ ಕೂಪಾ ನದಿಯ ದಂಡೆಗುಂಟ ನಡೆಯುತ್ತಿದ್ದರು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಒಂದು ದಿನ ಅವಳ ಕೋಟಿನ ಗುಂಡಿ ಹಾಕುವಾಗ ಅವನ ಬೆರಳು ಅಲ್ಲೇ ಒಂದು ಕ್ಷಣ ನಿಂತಿತು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಒಂದು ಸಂಜೆ ಕುರ್ಚಿ ಜೋಡಿಸುತ್ತಾ ರೂಜಾ ಅಂದಳು, "ಲೋವ್ರೊನ ಹೆಂಡತಿ ಮೀರಾನೂ ಇದೇ ಜಾಗದಲ್ಲಿ ಕೂರ್ತಿದ್ದಳು, ಪಾಪ. ಲಿವರ್ ಹೋಗಿ ಸತ್ತಳು. ಅವನು ಹನಿ ಮುಟ್ಟಿದವನಲ್ಲ, ಆದ್ರೂ ಮೂರು ವರ್ಷದಿಂದ ಬರೋದು ಬಿಟ್ಟಿಲ್ಲ. ಅವಳನ್ನಂತೂ ಉಳಿಸ್ಕೊಳ್ಳೋಕೆ ಆಗ್ಲಿಲ್ಲ, ನಿನ್ನನ್ನಾದ್ರೂ ಉಳಿಸ್ಲಿ."

ಬ್ರಾಂಕಾ ಎತ್ತಿದ್ದ ಕುರ್ಚಿಯನ್ನು ಅಲ್ಲೇ ಇಳಿಸಿದಳು. 'ಹಾಗಾದರೆ ಆ ಬೆರಳು, ಆ ನಡಿಗೆ… ಎಲ್ಲ ಸತ್ತವಳಿಗಾಗಿಯೇ?'

ಆ ಸಂಜೆಯೇ ನದಿಯ ದಂಡೆಯ ಮೇಲೆ ಅವನನ್ನು ನೇರವಾಗಿ ಕೇಳಿದಳು. "ನನ್ನಲ್ಲಿ ಮೀರಾನ್ನ ನೋಡ್ತೀಯಾ?"

ಲೋವ್ರೊ ಬಾಯಿ ತೆರೆದ. ಮಾತು ಬರಲಿಲ್ಲ.

ಆ ಮೌನವೇ ಉತ್ತರವೆಂದುಕೊಂಡು ಅವಳು ತಿರುಗಿ ನಡೆದಳು. ಮನೆಗೆ ಹೋಗುವಷ್ಟರಲ್ಲಿ ಚೀಲದಲ್ಲಿ ಬಾಟಲಿ ಇತ್ತು. ನಾಲ್ಕು ದಿನ ಕುಡಿದಳು. ಅವನು ಬಂದು ಬಾಗಿಲು ಬಡಿದಾಗ ನೆಲದ ಮೇಲೆ ಬಿದ್ದುಕೊಂಡೇ ಕೇಳಿಸಿಕೊಂಡಳು, ತೆರೆಯಲಿಲ್ಲ. ಐದನೆಯ ದಿನ ವಾಂತಿಯಲ್ಲಿ ರಕ್ತ ಕಂಡು, ತಾನೇ ಆಸ್ಪತ್ರೆಗೆ ನಡೆದಳು.

ಹತ್ತು ದಿನದ ಬಳಿಕ ಕ್ಲಬ್ಬಿಗೆ ಬಂದರೆ ಪಕ್ಕದ ಕುರ್ಚಿ ಖಾಲಿ.

"ಬರೋದು ಬಿಟ್ಟ," ಎಂದಳು ರೂಜಾ. "ತನ್ನಿಂದಲೇ ಇನ್ನೊಬ್ಬಳು ಹಾಳಾದಳು ಅಂತಾನೆ. ನನ್ನ ನಾಲಿಗೆಗೆ ಬೆಂಕಿ ಬೀಳ, ನಾನು ಸುಮ್ಮನಿರಬೇಕಿತ್ತು."

ಮರುದಿನ ಮಧ್ಯಾಹ್ನ ಬ್ರಾಂಕಾ ಅವನ ಅಂಗಡಿಗೆ ಹೋದಳು. ಗಾಜು ಕೊಯ್ಯುತ್ತಿದ್ದ ಲೋವ್ರೊ ತಲೆ ಎತ್ತಿದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಕುಡಿದದ್ದು ನಾನು," ಎಂದಳು. "ಆ ತಪ್ಪನ್ನೂ ನನ್ನ ಕೈಯಿಂದ ಕಿತ್ಕೋಬೇಡ. ನನ್ನದು ಅಂತ ಉಳಿದಿರೋದೇ ಅದೊಂದು."

ಅವನು ಕೈಲಿದ್ದದ್ದನ್ನು ಕೆಳಗಿಟ್ಟ.

"ಮೀರಾಗೆ ಬಾಟಲಿ ತಂದುಕೊಡ್ತಿದ್ದವನು ನಾನೇ, ಬ್ರಾಂಕಾ. ಜಗಳ ಬೇಡ, ಮನೇಲಿ ಶಾಂತಿ ಇರ್ಲಿ ಅಂತ. ಕೊನೇದನ್ನೂ ನಾನೇ ತಂದೆ. ಯಾರಿಗೂ ಹೇಳಿಲ್ಲ. ಆ ದಿನ ನೀನು ಕೇಳಿದಾಗ… ಬಾಯಿ ಬಿಟ್ರೆ ಇದೂ ಆಚೆ ಬರುತ್ತೆ ಅಂತ ಹೆದರಿದೆ."

ಇದನ್ನು ಹಗುರ ಮಾಡುವ ಮಾತು ಅವಳ ಬಳಿ ಇರಲಿಲ್ಲ.

"ನನ್ನ ಪ್ರಶ್ನೆಗೆ ಉತ್ತರ?"

"ಮೊದಲ ದಿನ ಅವಳೇ ಅನ್ನಿಸಿತ್ತು, ನಿಜ. ಆಮೇಲೆ ನೀನು ಒಂದೊಂದು ಮಾತಿಗೂ ತಿರುಗಿ ಬಿದ್ದೆ. ಅವಳು ಯಾವತ್ತೂ ತಿರುಗಿ ಬಿದ್ದವಳಲ್ಲ. ನನಗೆ ಬೇಕಾಗಿರೋದು ನೀನು. ಹೀಗೆ ಜಗಳ ಆಡೋ ನೀನು."

"ಮತ್ತೆ ಕುಡಿದ್ರೆ?"

"ಬಾಟಲಿ ತಂದುಕೊಡಲ್ಲ. ಬಿಟ್ಟೂ ಹೋಗಲ್ಲ. ಅಷ್ಟು ಮಾತ್ರ ಹೇಳಬಲ್ಲೆ."

ಬ್ರಾಂಕಾ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಅವನು ಬಂದು ಅವಳ ಮುಂದೆ ಮಂಡಿಯೂರಿದ.

"ಊಟ ಆಯ್ತಾ?"

"ಏನು ತಿಂದ್ರೂ ಹೊಟ್ಟೇಲಿ ನಿಲ್ತಿಲ್ಲ."

"ಬೀನ್ಸ್ ಕಾಳಿನ ಸಾರಿದೆ. ಉಪ್ಪು ಸ್ವಲ್ಪ ಜಾಸ್ತಿ."

"ಕೊಡು," ಎಂದಳು ಅವಳು, ಅವನ ಹೆಗಲಿಗೆ ಹಣೆ ಒರಗಿಸಿ. "ಒಂದೇ ಚಮಚ. ನಿಂತ್ರೆ ಇನ್ನೊಂದು."