ತೊಂಬತ್ತೈದು ವ್ಯಾಟ್

"ತಮ್ಮನಿಗಾ ಮೇಡಂ?"

ಲ್ಯಾಪ್‌ಟಾಪ್ ಅಂಗಡಿಯ ಸೇಲ್ಸ್‌ಮನ್ ನನ್ನನ್ನು ಕೇಳಿದ ಮೊದಲ ಮಾತೇ ಇದು. ನನಗೆ ಮೈಯೆಲ್ಲ ಉರಿಯಿತು.

"ನನಗೇ. ಗೇಮ್ ಆಡೋಕೆ," ಎಂದೆ, ಅಕ್ಕಪಕ್ಕದವರಿಗೂ ಕೇಳಿಸುವಂತೆ.

ಅವನ ಕಿವಿಗಳು ಕೆಂಪಾದವು. "ತಪ್ಪಾಯ್ತು," ಎಂದು ಕುರ್ಚಿ ಎಳೆದು ಕೊಟ್ಟ. ಆ ಕೆಂಪು ಕಿವಿಗಳು ನನಗೆ ಇಷ್ಟವಾಗಬಾರದಿತ್ತು. ಆದರೆ ಇಷ್ಟವಾಗಿಬಿಟ್ಟವು.

ಎರಡು ವರ್ಷ ಅಕ್ಕನ ಹಳೇ ಲ್ಯಾಪ್‌ಟಾಪಿನಲ್ಲಿ ಕಾರ್ ರೇಸ್ ಆಡಿದವಳು ನಾನು. ನನ್ನ ಕಾರು ಮೊದಲ ತಿರುವಿಗೆ ಬರುವಷ್ಟರಲ್ಲಿ ಉಳಿದವರು ಗೆದ್ದು ಮನೆ ಸೇರಿರುತ್ತಿದ್ದರು. ಹಾಗಾಗಿ ಈ ಸಲ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆ, ಕೀಲಿಗಳನ್ನು ಒತ್ತಿದೆ, ತಿರುಗಿಸಿ ಅಡಿಭಾಗವನ್ನೂ ಬಿಡಲಿಲ್ಲ.

"ಕೆಳಗೇನು ನೋಡ್ತಿದ್ದೀರಿ?"

"ಬಿಸಿಯಾದಾಗ ಉಸಿರಾಡೋಕೆ ಜಾಗ ಇದೆಯಾ ಅಂತ."

ಅವನು ನಕ್ಕ. ಕಣ್ಣು ಮಾತ್ರ ನನ್ನನ್ನು ಹೊಸದಾಗಿ ಅಳೆಯುತ್ತಿತ್ತು.

"ಇದರ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ವ್ಯಾಟ್ ಸಿಗುತ್ತೆ? ಕಾರ್ಡ್ ಅದೇ ಆದ್ರೂ ಪವರ್ ಕಮ್ಮಿ ಕೊಟ್ಟಿದ್ರೆ ಆಟ ಕುಂಟುತ್ತೆ."

"ನೂರನಲವತ್ತು. ನಾನು ಹೇಳ್ತಿದ್ದೀನಲ್ಲ, ನಂಬಿ."

ನಂಬಿ ಕೊಂಡುಕೊಂಡೆ. ಆದರೂ ನಾನು ರಕ್ತ ಪರೀಕ್ಷೆಯ ಲ್ಯಾಬಿನ ಟೆಕ್ನಿಷಿಯನ್. ದಿನಾ ಬೆಳಿಗ್ಗೆ ಯಂತ್ರವನ್ನು ಪರೀಕ್ಷಿಸದೆ ಮೊದಲ ರೋಗಿಯ ರಕ್ತವನ್ನು ಅದಕ್ಕೆ ಹಾಕುವವಳಲ್ಲ. ಮನೆಗೆ ಬಂದು ಚಾರ್ಜರ್ ಸಿಕ್ಕಿಸಿ, ಆಟ ಓಡಿಸಿ, ಕಾರ್ಡಿಗೆ ಸಿಗುವ ವ್ಯಾಟನ್ನು ಮೂರು ಸಲ ಅಳೆದೆ. ಮೂರೂ ಸಲ ತೊಂಬತ್ತೈದೇ.

ಆಟವೇನೋ ಚೆನ್ನಾಗಿಯೇ ಓಡಿತು. ಬೇರೆಯವರಿಗಾದರೆ ಗೊತ್ತೂ ಆಗುತ್ತಿರಲಿಲ್ಲ. ನನಗೆ ಚುಚ್ಚಿದ್ದು ಆ "ನಂಬಿ" ಅನ್ನುವ ಮಾತು.

"ಹೋಗಿ ಜಗಳ ಆಡು," ಎಂದಳು ಅಕ್ಕ. "ಬದಲಾಯಿಸೋಕೆ ಏಳೇ ದಿನ ಟೈಮ್ ಇರೋದು."

"ಇಲ್ಲ. ನಮ್ಮ ಲ್ಯಾಬಲ್ಲಿ ತಪ್ಪು ರಿಪೋರ್ಟ್ ಹೋದ್ರೆ ಕೊಟ್ಟವರೇ ಹೇಳಬೇಕು. ಅವನೂ ಹೇಳ್ತಾನಾ ನೋಡ್ತೀನಿ."

"ನೀನು ಟೆಸ್ಟ್ ಮಾಡ್ತಿರೋದು ಲ್ಯಾಪ್‌ಟಾಪನ್ನೋ, ಅವನನ್ನೋ?"

ನಾನು ಮೌಸ್ ಒರೆಸತೊಡಗಿದೆ.

ಐದು ದಿನ ಯಾವ ಸುದ್ದಿಯೂ ಇಲ್ಲ. ಬಿಲ್ಲಿನಲ್ಲಿ ಲ್ಯಾಬಿನ ವಿಳಾಸವನ್ನೇ ಬರೆಸಿದ್ದೆ, ಹಾಗಾಗಿ ಅಲ್ಲಿ ಬಾಗಿಲು ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದೆ. ಅವನು ಬರದೇ ಹೋದರೆ ಸರಿಯಾದ ಲ್ಯಾಪ್‌ಟಾಪೂ ಕೈತಪ್ಪುತ್ತಿತ್ತು, ಮನಸ್ಸಿಗೆ ಹಿಡಿಸಿದ ಮನುಷ್ಯನೂ ಕೈತಪ್ಪುತ್ತಿದ್ದ. ಎರಡನೆಯದೇ ಹೆಚ್ಚು ನೋಯಿಸುತ್ತದೆಂದು ಆ ಐದು ದಿನಗಳಲ್ಲಿ ಅರ್ಥವಾಯಿತು.

ಆರನೇ ದಿನ ಮಧ್ಯಾಹ್ನ ಕೌಂಟರ್ ಮುಂದೆ ನಿಂತಿದ್ದ. ಕೈಯಲ್ಲಿ ದೊಡ್ಡ ಬಾಕ್ಸ್, ಹಣೆಯ ತುಂಬ ಬೆವರು.

"ಖಾಲಿ ಹೊಟ್ಟೇಲಿ ಬಂದಿದ್ದೀರಾ?" ಎಂದೆ.

"ರಕ್ತ ಕೊಡೋಕಲ್ಲ ಮೇಡಂ. ನಾನು ನಿಮಗೆ ತಪ್ಪು ಹೇಳಿದ್ದೆ. ನೂರನಲವತ್ತು ವ್ಯಾಟ್ ಇರೋದು ಅದರ ಪಕ್ಕದ ಮಾಡೆಲ್ಲಿಗೆ. ಇವತ್ತು ಹೊಸ ಸ್ಟಾಕ್ ಜೋಡಿಸುವಾಗ ಗೊತ್ತಾಯ್ತು. 'ಅವರಿಗೆ ಗೊತ್ತಾಗಲ್ಲ, ಸುಮ್ನಿರು' ಅಂದ್ರು ಓನರ್. ಅವರ ಜೊತೆ ವಾದ ಮಾಡಿ ಇದನ್ನ ತಂದೆ."

"ತೊಂಬತ್ತೈದು. ಮೊದಲ ಸಂಜೇನೇ ಅಳೆದು ನೋಡಿದ್ದೆ."

ಅವನು ಬಾಕ್ಸನ್ನು ಕೌಂಟರ್ ಮೇಲಿಟ್ಟ. "ಮತ್ಯಾಕೆ ಬರಲಿಲ್ಲ?"

"ನೀವು ಬರ್ತೀರಾ ಅಂತ ಕಾಯ್ತಿದ್ದೆ."

"ಬರದೇ ಇದ್ದಿದ್ರೆ?"

"ನಿಮ್ಮನ್ನ ಮರೀತಿದ್ದೆ. ಕಷ್ಟವಾಗ್ತಿತ್ತು, ಆದ್ರೂ ಮರೀತಿದ್ದೆ."

ಅವನ ಕಿವಿಗಳು ಮತ್ತೆ ಕೆಂಪಾದವು. ಹಿಂದೆ ನಿಂತಿದ್ದ ಅಜ್ಜಿ, "ಆಮೇಲೆ ಮಾತಾಡ್ಕೊಳ್ಳಪ್ಪಾ, ನನ್ನ ಶುಗರ್ ರಿಪೋರ್ಟ್ ಕೊಡ್ಸು," ಎಂದರು.

ಆಮೇಲೆ ಮಾತಾಡಿಕೊಂಡೆವು. ಒಂದು ಭಾನುವಾರ ಅಲ್ಲ, ಎಷ್ಟೋ ಭಾನುವಾರ. ಹೊಸ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ಅಕ್ಕ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳು. ನಾನು ಗೆಲ್ಲುತ್ತಿದ್ದೆ. ನಾನು ಗೆದ್ದಾಗಲೆಲ್ಲ ಅವನು ತಾನೇ ಗೆದ್ದವನ ಹಾಗೆ ಎದೆಯುಬ್ಬಿಸಿ ಕೂರುತ್ತಿದ್ದ. ನಾನು ರೇಸಿನ ಒಂದು ಸುತ್ತನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತೇನೆಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದನಂತೆ.

ಅಂಥ ಒಂದು ಭಾನುವಾರ ಊರಿನಿಂದ ಅಮ್ಮ ಬಂದಳು. ಅವನು ಆಡುತ್ತಿದ್ದ, ನಾನು ಪಕ್ಕದಲ್ಲಿ ಕೂತು ಬೈಯುತ್ತಿದ್ದೆ. ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನು ಕೆಲಸ ಮಾಡ್ಕೊಂಡಿದ್ದೀಯಪ್ಪಾ?" ಎಂದಳು.

"ಅಂಗಡೀಲಿ ಸೇಲ್ಸ್‌ಮನ್, ಅಷ್ಟೇ," ಎಂದ, ತಲೆ ತಗ್ಗಿಸಿ.

ಆ "ಅಷ್ಟೇ" ನನಗೆ ಸಹಿಸಲಾಗಲಿಲ್ಲ.

"ಅಮ್ಮ, ಯಾರೂ ಕೇಳದೇ ಇದ್ರೂ ತನ್ನ ತಪ್ಪನ್ನ ತಾನೇ ಬಂದು ಹೇಳೋ ಮನುಷ್ಯ ಇವರು. ಮದುವೆ ಅಂತ ಆದ್ರೆ ನಾನು ಇವರನ್ನೇ ಆಗೋದು."

ಪರದೆಯ ಮೇಲೆ ಅವನ ಕಾರು ನೇರವಾಗಿ ಗೋಡೆಗೆ ಹೋಗಿ ಗುದ್ದಿತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ತಲೆ ಎತ್ತಿ, ಅಮ್ಮನ ಎದುರಿಗೇ, ನನ್ನ ಕೈ ಹಿಡಿದುಕೊಂಡ.